ಪದಪಟ್ಟಿ ಮಾಡುವಾಗ ತಣ್ಣೀರನ್ನು ಬಿಡಿಸಿ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಬ್ರಿಟನ್, ಐರ್ಲೆಂಡ್ ಸುತ್ತಮುತ್ತ ಮತ್ತು ಫ್ರಾನ್ಸಿನ ಒಂದು ಮೂಲೆಯಲ್ಲಿ ಬಳಕೆಯಲ್ಲಿರುವ ಕೆಲ್ಟಿಕ್ ಭಾಷೆಗಳ ಪದಪಟ್ಟಿಯೊಂದು ಬಂದಿತ್ತು. ನೀರು, ಹಾಲು, ಹಗಲು, ರಾತ್ರಿ, ಬೆಳಗ್ಗೆ, ತಲೆ, ಮಗ, ಬೆಕ್ಕು ಮುಂತಾದ ದಿನಬಳಕೆಯ ಮಾತುಗಳನ್ನು ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್, ವೆಲ್ಶ್, ಬ್ರೆಟನ್, ಕಾರ್ನಿಷ್ ಎಂಬ ಆರು ಭಾಷೆಗಳಲ್ಲಿ ಅಕ್ಕಪಕ್ಕ ಇಡಲಾಗಿತ್ತು. ಮೊದಲ ಮೂರು ಒಂದು ಗುಂಪು, ಉಳಿದ ಮೂರು ಇನ್ನೊಂದು ಗುಂಪು, ಎರಡು ಗುಂಪುಗಳ ನಡುವೆ ನಂಟು ಹೆಸರಿಗಷ್ಟೇ ಎಂದು ಕೆಳಗೆ ಷರಾ ಇತ್ತು. ಗುಂಪು ಮಾಡಿದ್ದು ಸರಿ, ಷರಾ ತಪ್ಪು. ಕನ್ನಡದ ಪತ್ರಿಕೆಯೊಂದು ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದು ನಮಗೆ ನಿಜಕ್ಕೂ ಸಂತೋಷದ ಸಂಗತಿ. ಅದಕ್ಕೇ ಪಟ್ಟಿ ಎಲ್ಲಿ ಎಡವಿದೆ, ಯಾಕೆ ಎಡವಿದೆ ಎಂದು ಬಿಡಿಸಿ ಬರೆಯುತ್ತಿದ್ದೇವೆ. ಇದೇ ಬಗೆಯ ಪಟ್ಟಿ ಹಿಡಿದುಕೊಂಡು ಕನ್ನಡ, ತಮಿಳು, ತೆಲುಗುಗಳ ಬಗ್ಗೆ ಬೆಂಗಳೂರಿನಲ್ಲಿ ದಿನವೂ ತೀರ್ಪು ಕೊಡುವವರಿದ್ದಾರೆ. ಆದ್ದರಿಂದ ಇದು ದೂರದ ದ್ವೀಪಗಳ ಮಾತು ಮಾತ್ರವಲ್ಲ.

ಪಟ್ಟಿಯ ಮೊದಲ ಸಾಲು ನೀರು. ಐರಿಷ್‌ನಲ್ಲಿ 'ಇಶ್ಕೆ', ವೆಲ್ಶ್‌ನಲ್ಲಿ 'ದೂರ್'. ನೋಡಿದರೆ ಸಂಬಂಧವೇ ಇಲ್ಲ. ಈಗ ಬೆಂಗಳೂರಿನ ಯಾವುದಾದರೂ ಬೀದಿಯಲ್ಲಿ ನಿಂತು ಕೇಳಿ. ಕನ್ನಡದವರು ನೀರು ಎನ್ನುತ್ತಾರೆ, ತಮಿಳರು ತಣ್ಣಿ ಎನ್ನುತ್ತಾರೆ. ಪಟ್ಟಿ ಬರೆದರೆ ಇಲ್ಲೂ ಸಂಬಂಧವಿಲ್ಲ. ಆದರೆ ತಣ್ಣಿ ಎಂಬುದು ತಣ್ಣೀರ್ ಎಂಬುದರ ಆಡುರೂಪ, ತಣ್ ಮತ್ತು ನೀರ್ ಕೂಡಿ ಆದದ್ದು. ನಮ್ಮ 'ತಣ್ಣೀರು' ಅದೇ ಪದ. ಇಲ್ಲಿ ಅದು ತಂಪಾದ ನೀರಿಗೆ ಮಾತ್ರ ಉಳಿಯಿತು, ಅಲ್ಲಿ ಎಲ್ಲ ನೀರಿಗೂ ಆಯಿತು. ಐರಿಷ್‌ನಲ್ಲಿ ಆದದ್ದೂ ಇಂಥದ್ದೇ. ವೆಲ್ಶ್ 'ದೂರ್' ಪದಕ್ಕೆ ಒಡಹುಟ್ಟಿದ 'ದೌರ್' ಐರಿಷ್‌ನಲ್ಲಿತ್ತು. ದಿನದ ಮಾತಿನಿಂದ ಅದು ಸರಿದು ಹೋಯಿತು, ಆದರೆ ನೀರುನಾಯಿಯ ಹೆಸರಿನಲ್ಲಿ ಉಳಿದುಕೊಂಡಿತು. ಐರಿಷ್‌ನಲ್ಲಿ ನೀರುನಾಯಿಗೆ 'ದೌರ್‌ಖೂ', ಅಂದರೆ ದೌರ್ ಮತ್ತು ಕೂ, ನೀರು ಮತ್ತು ನಾಯಿ. ವೆಲ್ಶ್‌ನಲ್ಲಿ 'ದುರ್ಗಿ', ಅಂದರೆ ದೂರ್ ಮತ್ತು ಕೀ, ಅದೂ ನೀರು ಮತ್ತು ನಾಯಿ. ಬ್ರೆಟನ್‌ನಲ್ಲಿ 'ದೂರ್ಗಿ', ಕಾರ್ನಿಷ್‌ನಲ್ಲಿ 'ದೌರ್ಗಿ'. ಕಾವೇರಿಯಲ್ಲಿ ಆಡುವ ಅದೇ ಜಾತಿಯ ಪ್ರಾಣಿಗೆ ನಾವಿಟ್ಟ ಹೆಸರೂ ನೀರುನಾಯಿ. ಇಂಗ್ಲೆಂಡಿನ ಡೋವರ್ ಬಂದರಿನ ಹೆಸರು ಕೂಡ ಇದೇ ನೀರಿನಿಂದ ಬಂದದ್ದು. ಇನ್ನು ಇಶ್ಕೆಯ ವಿಷಯಕ್ಕೆ ಬಂದರೆ, ಲೋಕಕ್ಕೆಲ್ಲ ಗೊತ್ತಿರುವ ವಿಸ್ಕಿ ಎಂಬ ಹೆಸರು 'ಇಶ್ಕೆ ಬ್ಯಾಹ', ಅಂದರೆ ಜೀವಜಲ, ಎಂಬ ಮಾತಿನಿಂದ ಹುಟ್ಟಿದ್ದು.

ಎಲ್ಲಕ್ಕಿಂತ ಹೆಚ್ಚು ಕೆಟ್ಟಿರುವುದು ಹಗಲು, ರಾತ್ರಿ, ಬೆಳಗ್ಗೆ ಎಂಬ ಮೂರು ಸಾಲುಗಳು. ಐರಿಷ್‌ನಲ್ಲಿ ಇವು ಲಾ, ಈಹೆ, ಮಾದಿನ್. ವೆಲ್ಶ್‌ನಲ್ಲಿ ದೀದ್, ನೋಸ್, ಬೊರೆ. ಮೂರಕ್ಕೆ ಮೂರೂ ಬೇರೆ ಎಂದು ನಿಮ್ಮ ಲೇಖಕರು ಗುರುತು ಹಾಕಿದ್ದಾರೆ. ಇವುಗಳ ಕೆಳಗೆ 'ಇಂದು', 'ಇಂದು ರಾತ್ರಿ', 'ನಾಳೆ' ಎಂಬ ಮೂರು ಸಾಲು ಸೇರಿಸಿದ್ದರೆ ಪಟ್ಟಿಯೇ ಮಗುಚಿ ಬೀಳುತ್ತಿತ್ತು. ಐರಿಷ್‌ನ ಇಂದು 'ಇನ್ಯು', ವೆಲ್ಶ್‌ನ ಇಂದು 'ಹೆದಿವ್'. ಎರಡರ ಬಾಲದಲ್ಲೂ ಹಗಲಿನ ಹಳೆಯ ಪದವೇ ಕೂತಿದೆ. ವೆಲ್ಶ್‌ನ 'ದೀದ್' ಕೂಡ ಅದರ ಕುಲದ್ದೇ. ಇಂದು ರಾತ್ರಿ ಎನ್ನಲು ಐರಿಷ್‌ನಲ್ಲಿ 'ಅನೊಖ್ತ್', ವೆಲ್ಶ್‌ನಲ್ಲಿ 'ಹೆನೊ'. ಐರಿಷ್‌ನವರು ಬರಿಯ ರಾತ್ರಿಗೆ ಬೇರೆ ಪದ ಹಿಡಿದರು, ಆದರೆ ಅನೊಖ್ತ್‌ನ 'ನೊಖ್ತ್' ವೆಲ್ಶ್ 'ನೋಸ್'ನ ಒಡಹುಟ್ಟು. ನಾಳೆಗೆ ಐರಿಷ್‌ನಲ್ಲಿ 'ಅಮಾರಖ್', ವೆಲ್ಶ್‌ನಲ್ಲಿ 'ಅವೊರಿ'. ಐರಿಷ್‌ನ 'ಮಾದಿನ್' ಲ್ಯಾಟಿನ್‌ನಿಂದ ಬಂದ ಸಾಲ. ಅದು ಬಂದಾಗ ಮನೆಯ ಪದ ಹೋಗಿ ಅಮಾರಖ್‌ನೊಳಗೆ ಸೇರಿಕೊಂಡಿತು. ಆ ಪದ ವೆಲ್ಶ್ 'ಬೊರೆ'ಗೆ ಸಹೋದರ.

ಕನ್ನಡದವರಿಗೆ ಇದು ಹೊಸದಾಗಿ ತೋರಬೇಕಿಲ್ಲ. ನಾಳ್ ಎಂದರೆ ದಿನ. ಇವತ್ತು ಯಾರೂ 'ಎರಡು ನಾಳ್' ಎನ್ನುವುದಿಲ್ಲ, ಎರಡು ದಿನ ಎನ್ನುತ್ತೇವೆ. ದಿನ ಸಂಸ್ಕೃತದ್ದು. ನಾಳ್ ಮಾತ್ರ 'ನಾಳೆ'ಯಲ್ಲಿ ಹಾಗೇ ಇದೆ. ರಾತ್ರಿ ಬಂದು ಇರುಳನ್ನು ಪಕ್ಕಕ್ಕೆ ತಳ್ಳಿದರೂ ಕಣ್ಣಿನ ಕಾಯಿಲೆಗೆ ಇಂದಿಗೂ ಇರುಳುಗುರುಡು ಎನ್ನುತ್ತೇವೆ. ಹಳೆಯ ಪದ ಸಾಯುವ ಮೊದಲು ಸಮಾಸದೊಳಗೋ ಕಾಲವಾಚಕದೊಳಗೋ ಹೋಗಿ ಕೂರುತ್ತದೆ. ಹೋಲಿಕೆ ಮಾಡುವವರು ಹುಡುಕಬೇಕಾದದ್ದು ಅಲ್ಲಿ. ವಾರಗಳ ಹೆಸರೂ ಒಳ್ಳೆಯ ಜಾಗ. ಸೋಮವಾರಕ್ಕೆ ಐರಿಷ್‌ನಲ್ಲಿ 'ದ್ಯೇ ಲೂನ್', ವೆಲ್ಶ್‌ನಲ್ಲಿ 'ದೀದ್ ಲ್ಲೀನ್', ಬ್ರೆಟನ್‌ನಲ್ಲಿ 'ದಿಲುನ್'. ಮೊದಲ ತುಣುಕು ಹಗಲು, ಎರಡನೆಯದು ಲ್ಯಾಟಿನ್‌ನಿಂದ ಬಂದ ಚಂದ್ರ.

ಹಾಗಾದರೆ ಎರಡು ಗುಂಪುಗಳನ್ನು ಬೇರೆ ಮಾಡಿದ್ದು ಏನು? ಮುಖ್ಯವಾಗಿ ಒಂದು ಧ್ವನಿ. ಮೂಲ ಭಾಷೆಯಲ್ಲಿ ಕ್ವ ಎಂಬ ಧ್ವನಿಯಿತ್ತು. ಐರಿಷ್ ಕಡೆಯವರಲ್ಲಿ ಅದು ಕ ಆಯಿತು, ವೆಲ್ಶ್ ಕಡೆಯವರಲ್ಲಿ ಪ ಆಯಿತು. ಮಗನಿಗೆ ಮಾಕ್ ಮತ್ತು ಮಾಬ್ (ಪದದ ಕೊನೆಯಲ್ಲಿ ಪ ಇನ್ನೂ ಮೆತ್ತಗಾಗಿ ಬ). ತಲೆಗೆ ಕ್ಯಾನ್ ಮತ್ತು ಪೆನ್. ಯಾರು ಎನ್ನಲು ಕೇ ಮತ್ತು ಪುಯ್. ನಾಲ್ಕಕ್ಕೆ ಕ್ಯಾಹಿರ್ ಮತ್ತು ಪೆದ್ವಾರ್. ಐದಕ್ಕೆ ಕೂಯ್ಗ್ ಮತ್ತು ಪಿಂಪ್. ಬ್ರೆಟನ್‌ನ ಐದು ಪೆಂಪ್, ಕಾರ್ನಿಷ್‌ನದು ಪಿಂಪ್. ಕ್ವದಿಂದ ಬಂದ ಕ ಎಲ್ಲಿದೆಯೋ ಅಲ್ಲಿ ಪ ಇಟ್ಟರೆ ಪಕ್ಕದ ಕಾಲಮಿನ ಪದ ಸಿಗುತ್ತದೆ. ನಮ್ಮ ಕಿವಿ ತಮಿಳಿನಲ್ಲಿ ಸೆವಿ, ತೆಲುಗಿನಲ್ಲಿ ಚೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ನಮ್ಮ ಕೇರಿ ತಮಿಳಿನಲ್ಲಿ ಚೇರಿ. ಇಲ್ಲಿ ಇ, ಎ ಸ್ವರಗಳ ಮುಂದೆ ನಡೆದ ಬದಲಾವಣೆ ಎಷ್ಟು ಕಟ್ಟುನಿಟ್ಟೋ ಅಲ್ಲಿ ನಡೆದದ್ದೂ ಅಷ್ಟೇ ಕಟ್ಟುನಿಟ್ಟು. ಐರಿಷ್‌ನವರ ಕಿವಿಗೆ ಈ ಅದಲುಬದಲು ಎಷ್ಟು ರೂಢಿಯಾಗಿತ್ತೆಂದರೆ, ಲ್ಯಾಟಿನ್‌ನಿಂದ 'ಪ್ಲಾಂತಾ' ಎಂಬ ಪದ ಬಂದಾಗ ಅದನ್ನೂ ಕ ಮಾಡಿಕೊಂಡು 'ಕ್ಲಾನ್' ಎಂದರು. ಸಸಿ ಎಂಬ ಅರ್ಥ ಹೋಗಿ ಸಂತಾನ ಎಂದಾಯಿತು. ವೆಲ್ಶ್‌ನಲ್ಲಿ ಅದೇ ಪದ 'ಪ್ಲಾಂತ್', ಅರ್ಥ ಮಕ್ಕಳು.

ಇನ್ನೆರಡು ನಿಯಮ ಗೊತ್ತಿದ್ದರೆ ಪಟ್ಟಿಯ ಇನ್ನಷ್ಟು ಸಾಲುಗಳು ತಾವೇ ಜೋಡಿಯಾಗುತ್ತವೆ. ಐರಿಷ್‌ನ ಮೊದಲ ಸ ಹಲವೆಡೆ ವೆಲ್ಶ್‌ನಲ್ಲಿ ಹ. ಉಪ್ಪಿಗೆ ಸಾಲನ್ ಮತ್ತು ಹಾಲೆನ್, ಹಳೆಯದು ಎನ್ನಲು ಶ್ಯಾನ್ ಮತ್ತು ಹೇನ್. ಆದರೆ ಏಳರಲ್ಲಿ ವೆಲ್ಶ್ ಸ ಉಳಿಸಿಕೊಂಡಿದೆ, 'ಸೈಥ್'. ಐರಿಷ್‌ನ ಫ ವೆಲ್ಶ್‌ನಲ್ಲಿ ಗ್ವ. ದ್ರಾಕ್ಷಾರಸಕ್ಕೆ ಫೀನ್ ಮತ್ತು ಗ್ವೀನ್, ನಿಜ ಎನ್ನಲು ಫೀರ್ ಮತ್ತು ಗ್ವೀರ್.

ಇಲ್ಲಿ ಎರಡು ಎಚ್ಚರಿಕೆ ಬೇಕು, ಎರಡೂ ಕನ್ನಡ ಓದುಗರಿಗೇ ಹೆಚ್ಚು ತಗಲುವಂಥವು. ಸಂಸ್ಕೃತ ಬಲ್ಲವರು ವೆಲ್ಶ್ 'ಪಿಂಪ್' ನೋಡಿದ ಕೂಡಲೇ 'ಪಂಚ' ನೆನೆದು, ಪಕಾರ ಹಾಗೇ ಉಳಿದಿದೆ ಎನ್ನುತ್ತಾರೆ. ಪದಗಳು ಒಂದೇ ಮೂಲದವು, ಅದು ಸರಿ. ಆದರೆ ಆ ಪಕಾರ ಈ ಪಕಾರವಲ್ಲ. ಕೆಲ್ಟಿಕ್‌ನಲ್ಲಿ ಮೊದಲ ಪ ಹಿಂದೆಯೇ ಕ್ವ ಆಗಿಹೋಗಿತ್ತು, ಆಮೇಲೆ ವೆಲ್ಶ್ ಕಡೆ ಆ ಕ್ವ ಪ ಆಗಿ ತಿರುಗಿತು. ಮೂಲದ ಪ ಪದದ ಮೊದಲಲ್ಲಿ ಸ್ವರದ ಮುಂದೆ ಕೆಲ್ಟಿಕ್‌ನಲ್ಲಿ ನಿಲ್ಲುವುದೇ ಇಲ್ಲ. ಸಂಸ್ಕೃತದ ಪಿತೃ ಐರಿಷ್‌ನಲ್ಲಿ 'ಆಹಿರ್', ಲ್ಯಾಟಿನ್‌ನ ಪಿಸ್ಕಿಸ್ ಅಂದರೆ ಮೀನು ಐರಿಷ್‌ನಲ್ಲಿ 'ಈಸ್ಕ್'. ಎರಡನೆಯ ಎಚ್ಚರಿಕೆ: ವೆಲ್ಶ್ 'ಹಾಲೆನ್' ಕೇಳಿದರೆ ನಮ್ಮ ಹಾಲು ನೆನಪಾಗುತ್ತದೆ. ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್. ವೆಲ್ಶ್ ಹಾಲೆನ್‌ನ ಹಿಂದೆ ಇರುವುದು ಸ. ಎರಡನ್ನೂ ಹಿಂದಕ್ಕೆ ಒಯ್ದರೆ ಒಂದು ಪಾಲ್, ಇನ್ನೊಂದು ಸಾಲ್, ಹೋಲಿಕೆ ಅಲ್ಲಿಗೇ ಮುಗಿಯಿತು. ಇಂಥ ಜೋಡಿಗಳನ್ನು ತೋರಿಸಿ ಕನ್ನಡವೇ ಯುರೋಪಿಗೆ ತಾಯಿ ಎನ್ನುವ ಬರಹಗಳು ಆಗಾಗ ಕಾಣುತ್ತವೆ. ಕನ್ನಡದ ಹಿರಿಮೆಗೆ ಅಂಥ ಆಸರೆ ಬೇಕಿಲ್ಲ.

ಹೋಲುವುದೆಲ್ಲ ನಂಟಲ್ಲ ಎಂಬುದಕ್ಕೆ ನಿಮ್ಮ ಪಟ್ಟಿಯಲ್ಲೇ ಸಾಕ್ಷಿಗಳಿವೆ. ಪುಸ್ತಕ, ಶಾಲೆ, ಚರ್ಚು ಎಂಬ ಸಾಲುಗಳಲ್ಲಿ ಆರೂ ಭಾಷೆಗಳು ಒಂದೇ ಥರ ಕಾಣುತ್ತವೆ ಎಂದು ಲೇಖಕರು ಒತ್ತಿ ಹೇಳಿದ್ದಾರೆ. ಐರಿಷ್‌ನ 'ಸ್ಕೊಲ್', ವೆಲ್ಶ್‌ನ 'ಅಸ್ಗೊಲ್' ಎರಡೂ ಲ್ಯಾಟಿನ್ ಸಾಲ. ಕನ್ನಡದಲ್ಲೂ ಮರಾಠಿಯಲ್ಲೂ ಪುಸ್ತಕ ಇದೆ ಎಂದ ಮಾತ್ರಕ್ಕೆ ಅವು ಒಡಹುಟ್ಟಿದ ಭಾಷೆಗಳಾಗುವುದಿಲ್ಲ. ಸಾಲ ಎಲ್ಲಿಂದ, ಯಾವ ದಾರಿಯಲ್ಲಿ ಬಂತೆಂಬುದಕ್ಕೆ ಇತಿಹಾಸ ಬೇಕು. ರೋಮನ್ನರು ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಬಂದು ಸುಮಾರು 410ರವರೆಗೆ ಆಳಿದರು. ಐರ್ಲೆಂಡನ್ನು ಅವರು ಆಳಲಿಲ್ಲ. ಆದ್ದರಿಂದ ವೆಲ್ಶ್‌ನಲ್ಲಿ ಅಡುಗೆಮನೆಯವರೆಗೂ ಲ್ಯಾಟಿನ್ ಹೊಕ್ಕಿದೆ. ಹಾಲಿಗೆ, ಮೀನಿಗೆ, ಸೇತುವೆಗೆ, ಕಿಟಕಿಗೆ ಅದೇ. ಐರಿಷ್‌ಗೆ ಲ್ಯಾಟಿನ್ ಬಂದದ್ದು ಹೆಚ್ಚಾಗಿ ಚರ್ಚಿನ ಮೂಲಕ. ಅವರ ಹಾಲು 'ಬನ್ಯ', ಮನೆಯದೇ ಪದ. ಕಿಟಕಿ ಮಾತ್ರ 'ಫುಇನ್ಯೋಗ್', ಅದು ಉತ್ತರದಿಂದ ಹಡಗಿನಲ್ಲಿ ಬಂದ ನಾರ್ಸ್ ಜನರದ್ದು, ಮೂಲ ಅರ್ಥ ಗಾಳಿಯ ಕಣ್ಣು. ನಮ್ಮ ಗವಾಕ್ಷಿ ಹಸುವಿನ ಕಣ್ಣು. ತಮಿಳರ ಜನ್ನಲ್ ಪೋರ್ಚುಗೀಸರದು. ಕಿಟಕಿ ಎಂಬ ಒಂದು ಸಾಲಿನಲ್ಲೇ ಇಷ್ಟು ಇತಿಹಾಸವಿದೆ, ಪಟ್ಟಿಯಲ್ಲಿ ಅದು ಬರಿಯ 'ಬೇರೆ' ಎಂಬ ಗುರುತಾಗಿ ಹೋಗಿದೆ.

ಬೆಕ್ಕಿನ ಸಾಲಿನಲ್ಲಿ ವೆಲ್ಶ್ ಪದ 'ಗಾಥ್' ಎಂದು ಅಚ್ಚಾಗಿದೆ. ಸರಿಯಾದ ಪದ 'ಕಾಥ್'. ಈ ತಪ್ಪು ಹೇಗಾಗುತ್ತದೆ ಎಂಬುದು ತಿಳಿದಿರುವುದು ಒಳ್ಳೆಯದು. ಅನುವಾದದ ಆ್ಯಪ್‌ನಲ್ಲಿ ಇಂಗ್ಲಿಷಿನ 'ದ ಕ್ಯಾಟ್' ಎಂದು ಹಾಕಿದರೆ 'ಅ ಗಾಥ್' ಎಂಬ ಉತ್ತರ ಬರುತ್ತದೆ. ಮುಂದಿನ ಅ ತೆಗೆದು ಉಳಿದದ್ದನ್ನು ಪಟ್ಟಿಗೆ ಏರಿಸಿರಬೇಕು. ಕಾಥ್ ಸ್ತ್ರೀಲಿಂಗ. ಸ್ತ್ರೀಲಿಂಗದ ಏಕವಚನದ ಹಿಂದೆ ಆ 'ಅ' ಬಂದರೆ ಕ ಹೋಗಿ ಗ ಆಗುತ್ತದೆ. ಇದಕ್ಕೆ ಬೆರಗಾಗುವ ಅಗತ್ಯ ನಮಗಂತೂ ಇಲ್ಲ. ಹೈಸ್ಕೂಲಿನಲ್ಲಿ ಓದಿದ ಆದೇಶ ಸಂಧಿ ನೆನಪಿಸಿಕೊಳ್ಳಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕ, ತ, ಪ ಹೋಗಿ ಗ, ದ, ಬ. ವೆಲ್ಶ್‌ನ ಮೃದು ಬದಲಾವಣೆಯ ಮೊದಲ ಮೂರು ಸಾಲುಗಳು ಅಕ್ಷರಶಃ ಇವೇ. ಮುಂದಿನದು ಇನ್ನೂ ಸೊಗಸು. ಹಳಗನ್ನಡದಲ್ಲಿ ಮೆಲ್, ಮಾತು ಸೇರಿ ಮೆಲ್ವಾತು. ಕಡು, ಬೆಳ್ಪು ಸೇರಿ ಕಡುವೆಳ್ಪು. ಮ ಮತ್ತು ಬ ಎರಡೂ ವ ಆಗುತ್ತವೆ. ವೆಲ್ಶ್‌ನಲ್ಲೂ ಮ ಮತ್ತು ಬ ಎರಡೂ ವ ಆಗುತ್ತವೆ. ಇದು ನಂಟಲ್ಲ, ಎರಡು ಸ್ವರಗಳ ನಡುವೆ ಸಿಕ್ಕ ವ್ಯಂಜನ ಎಲ್ಲೆಡೆ ಮೆತ್ತಗಾಗುವ ಬಗೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಇದು ಸಮಾಸದೊಳಗೆ ನಡೆಯುತ್ತದೆ, ಅಲ್ಲಿ ಬಿಡಿ ಪದಗಳ ನಡುವೆಯೂ ನಡೆದು ವ್ಯಾಕರಣದ ಕೆಲಸ ಮಾಡುತ್ತದೆ. ತಲೆ 'ಪೆನ್'. 'ಇ ಬೆನ್' ಎಂದರೆ ಅವನ ತಲೆ, 'ಇ ಫೆನ್' ಎಂದರೆ ಅವಳ ತಲೆ, 'ವ ಮ್ಹೆನ್' ಎಂದರೆ ನನ್ನ ತಲೆ. ಅವನ, ಅವಳ ಎರಡಕ್ಕೂ ಒಂದೇ 'ಇ'. ಗಂಡೋ ಹೆಣ್ಣೋ ಎಂದು ಹೇಳುವುದು ತಲೆಯ ಮೊದಲ ಅಕ್ಷರ ಮಾತ್ರ.

ಹೀಗಾಗಿ ವೆಲ್ಶ್ ನಿಘಂಟು ತೆರೆಯುವವರು ಕಂಡ ಅಕ್ಷರದಲ್ಲಿ ಪದ ಸಿಗಲಿಲ್ಲವೆಂದು ಬಿಡಬಾರದು. ಗ ಕಂಡರೆ ಕ ದಲ್ಲಿ ನೋಡಬೇಕು, ದ ಕಂಡರೆ ತ ದಲ್ಲಿ, ಬ ಕಂಡರೆ ಪ ದಲ್ಲಿ. ವ ಧ್ವನಿಗೆ ಅವರು ಒಂಟಿ ಎಫ್ ಬರೆಯುತ್ತಾರೆ. ಅದರಿಂದ ಶುರುವಾಗುವ ಸ್ವಂತ ಪದಗಳು ಬೆರಳೆಣಿಕೆಯಷ್ಟೇ, ಆದ್ದರಿಂದ ನೇರವಾಗಿ ಬ ಅಥವಾ ಮ ಕ್ಕೆ ಹೋಗಿ. ಸ್ವರದಿಂದ ಶುರುವಾದ ಪದ ಸಿಗದಿದ್ದರೆ ಮುಂದೆ ಗ ಸೇರಿಸಿ ನೋಡಿ. ತೋಟ 'ಗಾರ್ದ್', ಆದರೆ ವಾಕ್ಯದಲ್ಲಿ 'ಅರ್ ಆರ್ದ್', ಗ ಪೂರ್ತಿ ಮಾಯ. ವೇಲ್ಸ್‌ನ ಗಡಿಯಲ್ಲಿ 'ಕ್ರೋಯ್ಸೊ ಇ ಗಮ್ರಿ', ವೇಲ್ಸಿಗೆ ಸ್ವಾಗತ, ಎಂಬ ಫಲಕವಿದೆ. ನಾಡಿನ ಹೆಸರು 'ಕಮ್ರಿ'. ಫಲಕದಲ್ಲೇ ಅದು ಬದಲಾಗಿ ನಿಂತಿದೆ. ಐರಿಷ್‌ನಲ್ಲಿ ಈ ಹುಡುಕಾಟ ಸುಲಭ, ಏಕೆಂದರೆ ಅವರು ಮೂಲ ಅಕ್ಷರವನ್ನು ಅಳಿಸದೆ ಪಕ್ಕದಲ್ಲಿ ಇನ್ನೊಂದನ್ನು ಸೇರಿಸುತ್ತಾರೆ. ಎರಡನೆಯ ಅಕ್ಷರ ಎಚ್ ಆಗಿದ್ದರೆ ಅದನ್ನು ಬಿಟ್ಟು ಓದಿ. ಪದದ ಮೊದಲಲ್ಲಿ ಎರಡು ವ್ಯಂಜನ ವಿಚಿತ್ರವಾಗಿ ಕೂಡಿದ್ದರೆ ಮೊದಲನೆಯದನ್ನು ಬಿಡಿ. ಡಬ್ಲಿನ್‌ನ ಐರಿಷ್ ಹೆಸರು ಬ ದಿಂದ ಶುರು. 'ಡಬ್ಲಿನ್‌ನಲ್ಲಿ' ಎನ್ನುವಾಗ ದೊಡ್ಡ ಬಿ ಅಕ್ಷರದ ಮುಂದೆ ಚಿಕ್ಕ ಎಂ ಬರೆದು, ಮ ಎಂದು ಉಚ್ಚರಿಸುತ್ತಾರೆ. ಮ್ಯಾಂಕ್ಸ್‌ನ ಬರವಣಿಗೆ ಇಂಗ್ಲಿಷ್ ಕಾಗುಣಿತದ ಮೇಲೆ ಕಟ್ಟಿದ್ದು. ಹಾಗಾಗಿ ಅದು ಕಣ್ಣಿಗೆ ತೀರಾ ಬೇರೆಯಾಗಿ ಕಂಡರೂ ಕಿವಿಗೆ ಗೇಲಿಕ್‌ನ ಪಕ್ಕದಲ್ಲೇ ಇದೆ. ಮನೆಗೆ ಎರಡರಲ್ಲೂ ಹೆಚ್ಚುಕಡಿಮೆ 'ತೈ'. ಪಟ್ಟಿಯನ್ನು ರೋಮನ್ ಅಕ್ಷರಗಳ ಬದಲು ಕನ್ನಡ ಲಿಪಿಯಲ್ಲಿ ಉಚ್ಚಾರಣೆಯಂತೆ ಅಚ್ಚು ಮಾಡಿದ್ದರೆ ಈ ಸಾಲು ತಾನೇ ಮಾತಾಡುತ್ತಿತ್ತು. ನಾವು ಇಲ್ಲಿ ಬರೆದಿರುವ ಉಚ್ಚಾರಣೆಗಳು ಅಂದಾಜಿನವು. ವೆಲ್ಶ್‌ನ ಜೋಡಿ ಎಲ್‌ಗೆ ನಮ್ಮಲ್ಲಿ ಅಕ್ಷರವಿಲ್ಲ, ನಾಲಿಗೆಯನ್ನು ಲ ಕಾರಕ್ಕೆ ಇಟ್ಟು ಗಂಟಲಿನ ನಾದವಿಲ್ಲದೆ ಪಕ್ಕದಿಂದ ಉಸಿರು ಬಿಟ್ಟರೆ ಅದು ಬರುತ್ತದೆ.

ಅಜ್ಜ, ಅಜ್ಜಿಯರ ಸಾಲಿನಲ್ಲಿ ಒಂದೊಂದೇ ವೆಲ್ಶ್ ಪದ ಕೊಟ್ಟಿದ್ದೂ ಸರಿಯಲ್ಲ. ಧಾರವಾಡದಲ್ಲಿ ಅಜ್ಜ, ಮೈಸೂರಿನಲ್ಲಿ ತಾತ ಎನ್ನುವ ಹಾಗೆ ವೇಲ್ಸ್‌ನ ಉತ್ತರದಲ್ಲಿ 'ತೈದ್', 'ನೈನ್', ದಕ್ಷಿಣದಲ್ಲಿ 'ತದ್‌ಕೀ', 'ಮಮ್‌ಗೀ'. ಹಾಲಿಗೂ ಉತ್ತರದ ಪದ ಬೇರೆ. ತದ್ ಎಂದರೆ ಅಪ್ಪ, ಮಮ್ ಎಂದರೆ ಅಮ್ಮ, ಕೀ ಎಂದರೆ ನೆಚ್ಚಿನ (ನಾಯಿಯ ಕೀ ಬೇರೆ ಪದ). ಅಪ್ಪನ ಮುಂದೆ ಕೀ ಹಾಗೇ ಇದೆ, ಸ್ತ್ರೀಲಿಂಗದ ಅಮ್ಮನ ಮುಂದೆ ಅದೇ ಕೀ ಗೀ ಆಗಿದೆ. ಮೇಲೆ ಹೇಳಿದ ಸಂಧಿ ಮಕ್ಕಳು ಅಜ್ಜಿಯನ್ನು ಕೂಗುವ ಮಾತಿನಲ್ಲೇ ಇದೆ.

ಬಣ್ಣಗಳ ಸಾಲಿಗೆ ಪದ ಸಾಲದು, ವಾಕ್ಯ ಬೇಕು. 'ಗ್ಲಾಸ್' ಎಂಬುದು ಐರಿಷ್‌ನಲ್ಲಿ ಹುಲ್ಲಿನ ಹಸಿರು, ಕುರಿಯ ಬೂದು ಬಣ್ಣವೂ ಹೌದು. ವೆಲ್ಶ್‌ನಲ್ಲಿ ಆಕಾಶದ ನೀಲಿ. ಆದರೆ ಹುಲ್ಲಿಗೆ ವೆಲ್ಶ್‌ನವರು ಹೇಳುವ ಹೆಸರಿನ ಮೊದಲ ಭಾಗವೂ ಗ್ಲಾಸ್, ಅಲ್ಲಿ ಅದು ಹಸಿರೇ. ಆಮೇಲೆ ಲ್ಯಾಟಿನ್‌ನಿಂದ ಹಸಿರಿಗೆ ಬೇರೆ ಪದ ತಂದುಕೊಂಡಾಗ ಗ್ಲಾಸ್ ನೀಲಿಯ ಕಡೆಗೆ ವಾಲಿತು. ಪಟ್ಟಿಯಲ್ಲಿ ಹಸಿರಿನ ಎದುರು ಎರಡು ಪದ ಕಂಡದ್ದಕ್ಕೆ ಕಾರಣ ಇದು.

ಒಂದರಿಂದ ಹತ್ತರ ಬದಲು ಹದಿನೆಂಟನ್ನು ಹಾಕಿದ್ದರೆ 6 ಭಾಷೆಗಳ ಸ್ವಭಾವ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಐರಿಷ್‌ನ 18 ನಮ್ಮಂತೆ ಎಂಟು ಮತ್ತು ಹತ್ತು. ವೆಲ್ಶ್‌ನ ಹಳೆಯ ಎಣಿಕೆಯಲ್ಲಿ ಅದು 'ದೈನೌ', ಎರಡು ಒಂಬತ್ತು. ಬ್ರೆಟನ್‌ನಲ್ಲಿ 'ತ್ರಿವೆಖ್', ಮೂರು ಆರು. ಬ್ರೆಟನ್ ಜನ ಫ್ರಾನ್ಸಿನಲ್ಲಿದ್ದರೂ ಅವರ ಭಾಷೆ ಕಡಲು ದಾಟಿ ಹೋದದ್ದು ಬ್ರಿಟನ್ನಿನಿಂದಲೇ. ಆದರೂ ಹದಿನೆಂಟರಲ್ಲಿ ವೆಲ್ಶ್‌ಗೂ ಬ್ರೆಟನ್‌ಗೂ ಲೆಕ್ಕ ಕೂಡುವುದಿಲ್ಲ. ನಲವತ್ತಕ್ಕೆ ಮಾತ್ರ ಹಳೆಯ ಎಣಿಕೆಯಲ್ಲಿ ಎರಡೂ ಗುಂಪಿನವರು ಎರಡು ಇಪ್ಪತ್ತು ಎನ್ನುತ್ತಾರೆ.

ಇದೆಲ್ಲ ಹೊಸ ಶೋಧವೇನಲ್ಲ. ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ಸಂಗ್ರಹಾಲಯದ ಪಾಲಕರಾಗಿದ್ದ ಎಡ್ವರ್ಡ್ ಲ್ಹುಯ್ಡ್ ಈ ಭಾಷೆಗಳ ಪದಗಳನ್ನು ಹೋಲಿಸಿ 1707ರಲ್ಲೇ ಅಚ್ಚು ಮಾಡಿಸಿದ್ದರು. ನಮ್ಮ ಭಾಷೆಗಳಿಗೆ ಆ ಕೆಲಸವನ್ನು ಮದರಾಸಿನಲ್ಲಿ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ ಮಾಡಿದರು, ಕನ್ನಡ, ತಮಿಳು, ತೆಲುಗುಗಳ ಧಾತುಗಳನ್ನು ಅಕ್ಕಪಕ್ಕ ಇಟ್ಟು. ಇಬ್ಬರೂ ಪದದ ಮುಖ ನೋಡಿ ತೀರ್ಮಾನಿಸಲಿಲ್ಲ.

ತಿದ್ದುಪಡಿ ಹಾಕುವುದಾದರೆ ನಮ್ಮ ಕೋರಿಕೆ ಇಷ್ಟು. ಗಾಥ್ ಅನ್ನು ಕಾಥ್ ಮಾಡಿ. ಸಾಲದ ಪದಗಳಿಗೆಲ್ಲ ಒಂದು ಚುಕ್ಕಿ ಹಾಕಿ, ಯಾವ ಭಾಷೆಯಿಂದ ಬಂತೆಂದು ಕೆಳಗೆ ತಿಳಿಸಿ. ಪದ ಯಾವ ಸೀಮೆಯದು ಎಂಬುದನ್ನು ಆವರಣದಲ್ಲಿ ಕೊಡಿ. ಇಂದು, ಇಂದು ರಾತ್ರಿ, ನಾಳೆ ಎಂಬ ಮೂರು ಸಾಲುಗಳನ್ನು ತಪ್ಪದೆ ಸೇರಿಸಿ. ಗೇಲಿಕ್‌ನಲ್ಲಿ ಅವು ಅಂಜೂ, ಅನೊಖ್ಕ್, ಅಮಾರಖ್ ಎಂದಾಗುತ್ತವೆ, ಕಾರ್ನಿಷ್‌ನಲ್ಲಿ ಹೆದ್ಯು, ಹನೆಥ್, ಅವೊರೊ. ಜಾಗ ಸಾಲದಿದ್ದರೆ ಬೆಕ್ಕಿನ ಸಾಲನ್ನೇ ತೆಗೆದುಬಿಡಬಹುದು. ಆ ಪದ ಲ್ಯಾಟಿನ್‌ನ ಕೊನೆಯ ಕಾಲದಲ್ಲಿ ಬೆಕ್ಕಿನ ಜೊತೆಗೇ ಯುರೋಪಿನ ಬಹುಪಾಲು ಮನೆಗಳಿಗೆ ನಡೆದು ಹೋದದ್ದು, ಅದರಿಂದ ಯಾವ ನಂಟನ್ನೂ ತೋರಿಸಲಾಗದು.

ಇಂತಿ,
ಭಾಷಾವಿಜ್ಞಾನ ಕಲಿಸುವ ಇಬ್ಬರು ಓದುಗರು
ಬಸವನಗುಡಿ, ಬೆಂಗಳೂರು